ಗೇಮ್ ಆಡುವಾಗ ಸರಿ, ಸುಮ್ನಿದ್ದಾಗ ಹ್ಯಾಂಗ್: ಏನು ಮಾಡಲಿ?

ಪ್ರಶ್ನೆ: ವಿಡಿಯೊ ನೋಡಿಕೊಂಡು ನಾನೇ ಜೋಡಿಸಿದ ಪಿಸಿ ಇದು. ರೈಝನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್. ಮೊದಲು 8 ಜಿಬಿ ರ‍್ಯಾಮ್ ಇತ್ತು, ಆಮೇಲೆ ಬೇರೆ ಕಂಪನಿಯ ಇನ್ನೊಂದು 8 ಜಿಬಿ ಸೇರಿಸಿದೆ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಹಳೇ ಪಿಸಿಯದ್ದೇ. ಗಂಟೆಗಟ್ಟಲೆ ಗೇಮ್ ಆಡಿದರೂ ಏನೂ ಆಗಲ್ಲ. ಆದರೆ ಪಿಡಿಎಫ್ ಓದುತ್ತಾ ಕೂತಾಗ, ಇಲ್ಲಾ ಊಟ ಮುಗಿಸಿ ಬಂದು ನೋಡಿದಾಗ ಸ್ಕ್ರೀನ್ ನಿಂತುಹೋಗಿರುತ್ತದೆ. ಮೌಸ್ ಅಲ್ಲಾಡಲ್ಲ. ಪವರ್ ಬಟನ್ ಒತ್ತಿ ಹಿಡಿದೇ ಆಫ್ ಮಾಡಬೇಕು. ವಿಂಡೋಸ್ ಹೊಸದಾಗಿ ಹಾಕಿದ್ದೂ ಆಯ್ತು. ವಿಂಡೋಸ್ ಎರರ್‌ಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಅಂತ ಕೆಂಪು ಗುರುತು ಬರುತ್ತದೆ. ಅಂಗಡಿಯವರು ಬೋರ್ಡ್ ಬದಲಿಸಿ ಅಂತಾರೆ. ಬದಲಿಸಲಾ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಯಾವ ಭಾಗ ಕೆಟ್ಟಿದೆ ಅಂತ ಗೊತ್ತಾಗುವವರೆಗೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ನಿಮ್ಮ ತೊಂದರೆಗೆ ದುಡ್ಡು ಖರ್ಚಿಲ್ಲದ ಪರೀಕ್ಷೆಗಳೇ ಸಾಕಷ್ಟಿವೆ.

ಮೊದಲು ಆ 41ರ ವಿಷಯ. ಇದನ್ನು ನೋಡಿ ತುಂಬಾ ಜನ ಹೆದರುತ್ತಾರೆ. ಹಿಂದಿನ ಸಲ ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ನೀವು ಬಟನ್ ಒತ್ತಿ ಹಿಡಿದು ಆಫ್ ಮಾಡಿದ್ದೀರಿ, ಅದಕ್ಕೇ ಅದು ದಾಖಲಾಗಿದೆ. ಬೋರ್ಡ್ ಕೆಟ್ಟಿದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಅದೇ ಹೊತ್ತಿಗೆ ‘ವ್ಹೀಯಾ ಲಾಗರ್’ (WHEA-Logger) ಹೆಸರಿನ ಎರರ್ ಇದೆಯಾ ನೋಡಿ, ಇದ್ದರೆ ಹಾರ್ಡ್‌ವೇರ್ ಕಡೆಗೇ ಬೆರಳು ತೋರಿಸುತ್ತದೆ.

ಮುಂದಿನ ಸಲ ಹ್ಯಾಂಗ್ ಆದಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ದೀಪ ಹತ್ತಿ ಆರುತ್ತಿದ್ದರೆ ಒಳಗಡೆ ಪಿಸಿ ಇನ್ನೂ ಓಡುತ್ತಿದೆ, ನಿಂತಿರುವುದು ಚಿತ್ರ ಮಾತ್ರ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ದೀಪವೂ ಅಲ್ಲಾಡದಿದ್ದರೆ ಪೂರ್ತಿ ಹ್ಯಾಂಗ್. ಇನ್ನು ಮೌಸ್ ಓಡುತ್ತಿದ್ದು ಏನು ಕ್ಲಿಕ್ ಮಾಡಿದರೂ ತೆರೆಯದಿದ್ದರೆ ಎಸ್‌ಎಸ್‌ಡಿ ಮೇಲೆ ಅನುಮಾನ ಪಡಬೇಕು. ನಿಮ್ಮದು ಹಾಗಿಲ್ಲ ಅಲ್ವಾ, ಅದನ್ನು ಸದ್ಯ ಬಿಡಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ‘ಗೇಮ್ ಆಡಿದರೆ ಏನೂ ಆಗಲ್ಲ’ ಅನ್ನೋ ಮಾತು. ಬಿಸಿ ಜಾಸ್ತಿಯಾಗಿ ನಿಲ್ಲುವ ಪಿಸಿ ಗೇಮ್ ಹೊತ್ತಲ್ಲೇ ನಿಲ್ಲಬೇಕಿತ್ತು. ನಿಮ್ಮದು ಕೆಲಸವಿಲ್ಲದಾಗ ನಿಲ್ಲುತ್ತದೆ. ಕೆಲಸವಿಲ್ಲದಾಗ ಪ್ರೊಸೆಸರ್ ತನ್ನ ಕೋರ್‌ಗಳನ್ನು ಹೆಚ್ಚುಕಮ್ಮಿ ಆಫ್ ಮಾಡಿಕೊಂಡು ತೀರಾ ಕಡಿಮೆ ಕರೆಂಟ್ ಎಳೆಯುತ್ತದೆ. ಅಷ್ಟು ಕಡಿಮೆ ಲೋಡನ್ನು ಕೆಲವು ಹಳೇ ಎಸ್‌ಎಂಪಿಎಸ್‌ಗಳು ಸರಿಯಾಗಿ ನಿಭಾಯಿಸುವುದಿಲ್ಲ. 2017ರಲ್ಲಿ ಮೊದಲ ರೈಝನ್‌ಗಳು ಬಂದಾಗಿನಿಂದಲೂ ಜನ ಈ ತೊಂದರೆ ಹೇಳುತ್ತಾ ಬಂದಿದ್ದಾರೆ. ಅದಕ್ಕೆಂದೇ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಓಡುವ, ಬೋರ್ಡಿನದೇ ತಂತ್ರಾಂಶ) ಒಂದು ಸೆಟ್ಟಿಂಗ್ ಇದೆ. ಸಾಮಾನ್ಯವಾಗಿ ‘ಎಎಂಡಿ ಸಿಬಿಎಸ್’ ಅನ್ನೋ ಮೆನುವಿನ ಒಳಗೆ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಅಂತ ಇರುತ್ತದೆ. ಅದು ‘ಆಟೋ’ದಲ್ಲಿರುತ್ತದೆ, ‘ಟಿಪಿಕಲ್ ಕರೆಂಟ್ ಐಡಲ್’ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ಆಮೇಲೆ ಕೆಲವು ದಿನ ಬೇರೆ ಏನನ್ನೂ ಮುಟ್ಟದೆ ಎಂದಿನಂತೆ ಬಳಸಿ. ಒಂದೇ ದಿನ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಹ್ಯಾಂಗ್ ನಿಂತರೆ ಅನುಮಾನ ಆ ಹಳೇ ಎಸ್‌ಎಂಪಿಎಸ್ ಮೇಲೆ ಬಲವಾಗುತ್ತದೆ. ಸಾಧ್ಯವಾದರೆ ಗೆಳೆಯರ ಹತ್ತಿರ ಒಂದು ಒಳ್ಳೇದನ್ನು ಎರಡು ದಿನಕ್ಕೆ ಕೇಳಿ ತಂದು ಹಾಕಿ ನೋಡಿ, ಆಮೇಲೆ ಕೊಳ್ಳುವ ಯೋಚನೆ ಮಾಡಿ.

ಸೆಟ್ಟಿಂಗ್ ಬದಲಿಸಿದರೂ ಹ್ಯಾಂಗ್ ನಿಲ್ಲಲಿಲ್ಲವಾ? ಹಾಗಾದರೆ ರ‍್ಯಾಮ್. ಬೇರೆ ಬೇರೆ ಕಂಪನಿಯ ಎರಡು ಸ್ಟಿಕ್ ಜೊತೆಯಾಗಿ ನಡೆದರೂ ನಡೆಯಬಹುದು, ಆದರೆ ಗ್ಯಾರಂಟಿ ಇಲ್ಲ. ಅದರಲ್ಲೂ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆನ್ ಮಾಡಿ 3200ರ ವೇಗದಲ್ಲಿ ಓಡಿಸುತ್ತಿದ್ದರೆ ತಕರಾರು ಜಾಸ್ತಿ. ನಿಮ್ಮ ಡಿಡಿಆರ್4 ರ‍್ಯಾಮ್‌ನ ಮಾಮೂಲಿ ವೋಲ್ಟೇಜ್ 1.2, ಎಕ್ಸ್‌ಎಂಪಿಯಲ್ಲಿ ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ. ಎಕ್ಸ್‌ಎಂಪಿ ಆಫ್ ಮಾಡಿ ನೋಡಿ. ವೇಗ ಸ್ವಲ್ಪ ಇಳಿಯುತ್ತದೆ, ಓದುವ ಬರೆಯುವ ಕೆಲಸದಲ್ಲಿ ಅದು ಗೊತ್ತೂ ಆಗಲ್ಲ. ರಾತ್ರಿ ಮಲಗುವ ಮುಂಚೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ) ಬೂಟ್ ಮಾಡಿ ಬಿಡಿ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಓಡುತ್ತದೆ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ‘ಒಂದೇ ತಾನೇ’ ಅನ್ನಬೇಡಿ. ಒಂದೊಂದೇ ಸ್ಟಿಕ್ ಹಾಕಿ ಮತ್ತೆ ಓಡಿಸಿ, ಯಾವುದು ಅಂತ ಸಿಕ್ಕಿಬೀಳುತ್ತದೆ.

ಸ್ಟಿಕ್ ತೆಗೆದು ಹಾಕುವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಹರಿದುಹೋಗಲು ಬಿಡಿ. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್ (ನಾಲ್ಕು ಸ್ಲಾಟಿನ ಬೋರ್ಡ್‌ನಲ್ಲಿ). ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಕ್ಲಿಪ್ ತಾನಾಗೇ ಮುಚ್ಚಿ ‘ಕಟ್’ ಅನ್ನಬೇಕು. ಮೊದಲ ಸಲ ಪಿಸಿ ಜೋಡಿಸುವವರು ಬೋರ್ಡ್ ಮುರಿದೀತು ಅನ್ನೋ ಭಯಕ್ಕೆ ಅರ್ಧ ಒತ್ತಿ ಬಿಡುತ್ತಾರೆ, ಮೇಲಿನಿಂದ ನೋಡಿದರೆ ಕೂತಹಾಗೇ ಕಾಣುತ್ತದೆ.

ಬಯೋಸ್ ಅಪ್‌ಡೇಟ್ ಕೂಡ ಮಾಡಿ ನೋಡಬಹುದು. ಆದರೆ ಯುಪಿಎಸ್ ಇದ್ದರೆ ಮಾತ್ರ. ಮಧ್ಯೆ ಕರೆಂಟ್ ಹೋದರೆ ಬೋರ್ಡ್ ನಿಜವಾಗಿಯೂ ಬದಲಿಸಬೇಕಾಗಬಹುದು.

ಪ್ರಶ್ನೆ: ಮನೆಗೆಲ್ಲಾ ಇನ್ವರ್ಟರ್ ಇದೆ. ಆದರೂ ಕರೆಂಟ್ ಹೋದ ತಕ್ಷಣ ಪಿಸಿ ರೀಸ್ಟಾರ್ಟ್ ಆಗುತ್ತದೆ. ಟಿವಿಗೆ ಏನೂ ಆಗಲ್ಲ.
– ಓದುಗರು, ಶಿರಸಿ

ಉತ್ತರ: ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ತಗೊಳ್ಳೋ ಸಮಯದ ತೊಂದರೆ ಇರಬಹುದು. ಒಳ್ಳೇ ಎಸ್‌ಎಂಪಿಎಸ್ ಕೂಡ ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡಷ್ಟೇ ತಡೆದುಕೊಳ್ಳುತ್ತದೆ. ಇನ್ವರ್ಟರಿನ ಮೇಲೆ ‘ಯುಪಿಎಸ್’ ಮತ್ತು ‘ಇಕೊ’ ಅಂತ ಸ್ವಿಚ್ ಇದೆಯಾ ನೋಡಿ, ಇದ್ದರೆ ‘ಯುಪಿಎಸ್’ ಕಡೆ ಹಾಕಿ. ಹಾಕಿದ ಮೇಲೂ ಹೀಗೇ ಆದರೆ, ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರಾ ಅಂತ ಕೇಳಿ ತಿಳಿದುಕೊಳ್ಳಿ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವಕ್ಕೆ ಅದು ಹೊಂದುವುದಿಲ್ಲ. ಆಗ ಪಿಸಿಗೇ ಅಂತ ಒಂದು ಬೇರೆ ಯುಪಿಎಸ್ ಬೇಕಾಗುತ್ತದೆ, ಪ್ಯೂರ್ ಸೈನ್ ವೇವ್ (ಮನೆಯ ಲೈನಿನ ಕರೆಂಟಿನಂಥದ್ದೇ ಅಲೆ ಕೊಡುವಂಥದ್ದು) ಆಗಿದ್ದರೆ ಒಳ್ಳೇದು.