ಸರ್ವೆ ನಕ್ಷೆಯ ಅಂಕಿಗಳು ಜಿಪಿಎಸ್‌ನಲ್ಲಿ ಯಾಕೆ ಕೂರುತ್ತಿಲ್ಲ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸಾರ್. ಚಿಂತಾಮಣಿ ತಾಲ್ಲೂಕಿನಲ್ಲಿ ನಮ್ಮದು ಮೂರೆಕರೆ ಜಮೀನಿದೆ. ಹೋದ ವರ್ಷ ಖಾಸಗಿಯವರಿಂದ ಅಳತೆ ಮಾಡಿಸಿದೆವು. ನಕ್ಷೆಯಲ್ಲಿ ಪ್ರತಿ ಮೂಲೆಗೂ ಎರಡು ಅಂಕಿ ಬರೆದಿದ್ದಾರೆ, ಒಂದು 1,80,000ದ ಹತ್ತಿರ, ಇನ್ನೊಂದು 14,83,000ದ ಹತ್ತಿರ. ಗಾರ್ಮಿನ್ ಇಟ್ರೆಕ್ಸ್ ಅನ್ನುವ ಕೈ ಜಿಪಿಎಸ್ ತಂದು ಅವನ್ನೇ ಹಾಕಿದರೆ ಜಾಗ ಅರಬ್ಬೀ ಸಮುದ್ರದಲ್ಲಿ ತೋರಿಸುತ್ತದೆ. ನಕ್ಷೆ ತಪ್ಪಾ, ಮೆಷಿನ್ ತಪ್ಪಾ?

ಉತ್ತರ: ಎರಡೂ ಸರಿ ಇವೆ ಸಾರ್. ನಡುವೆ ಒಂದು ಅಂಕಿ ಬಿಟ್ಟುಹೋಗಿದೆ, ಅಷ್ಟೇ.

ನಿಮ್ಮ ನಕ್ಷೆಯಲ್ಲಿರುವುದು ಯುಟಿಎಂ ಲೆಕ್ಕ. ಭೂಮಿಯನ್ನು ಉದ್ದುದ್ದ 60 ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಗೂ ನಂಬರ್ ಕೊಟ್ಟು, ಪಟ್ಟಿಯೊಳಗೆ ಮೀಟರ್‌ನಲ್ಲಿ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಅಂತ ಅಳೆಯುವ ಪದ್ಧತಿ ಇದು. ಈ ಪಟ್ಟಿಗೆ ಝೋನ್ ಅನ್ನುತ್ತಾರೆ. ಕರ್ನಾಟಕದ ಬಹುಪಾಲು ಝೋನ್ 43ರಲ್ಲಿದೆ. ಅದು 78 ಡಿಗ್ರಿ ರೇಖಾಂಶಕ್ಕೆ ಮುಗಿಯುತ್ತದೆ. ಬೆಂಗಳೂರು, ಹೊಸಕೋಟೆ, ಮಾಲೂರು ಆ ಗೆರೆಯ ಈಚೆಗೆ. ಚಿಂತಾಮಣಿ, ಕೋಲಾರ, ಮುಳಬಾಗಿಲು ಆಚೆಗೆ, ಅಂದರೆ ಝೋನ್ 44ರಲ್ಲಿ. ಪ್ರತಿ ಝೋನಿನಲ್ಲೂ ಪೂರ್ವದ ಅಂಕಿ ಹೊಸದಾಗಿ ಶುರುವಾಗುತ್ತದೆ, ಹಾಗಾಗಿ ಒಂದೇ ಜೋಡಿ ಅಂಕಿ ಅರವತ್ತು ಝೋನಿನಲ್ಲೂ ಒಂದೊಂದು ಜಾಗ ತೋರಿಸಬಲ್ಲದು. ಚಿಂತಾಮಣಿ ಊರು ಝೋನ್ 44ರಲ್ಲಿ 1,80,000ದ ಆಸುಪಾಸು ಬರುತ್ತದೆ, ಝೋನ್ 43ರ ಲೆಕ್ಕದಲ್ಲೇ ಮುಂದುವರಿಸಿದರೆ 8,30,000ದ ಆಸುಪಾಸು. ನೀವು 44ರ ಅಂಕಿಯನ್ನು 43 ಅಂತ ಹಾಕಿದ್ದೀರಿ. ಆಗ ಜಾಗ ಸರಿಯಾಗಿ 6 ಡಿಗ್ರಿ, ಅಂದರೆ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಹೋಗುತ್ತದೆ. ಅಲ್ಲಿ ಸಮುದ್ರ ಬಿಟ್ಟು ಬೇರೇನಿಲ್ಲ.

ಇಟ್ರೆಕ್ಸ್‌ನಲ್ಲಿ ಪೊಸಿಷನ್ ಫಾರ್ಮ್ಯಾಟ್ ಯುಟಿಎಂ ಇರಲಿ, ಮ್ಯಾಪ್ ಡೇಟಮ್ (ಭೂಮಿಯ ಆಕಾರಕ್ಕೆ ಹಿಡಿಯುವ ಲೆಕ್ಕ) ಡಬ್ಲ್ಯುಜಿಎಸ್ 84 ಇರಲಿ, ಝೋನ್ 44 ಪಿ ಅಂತ ಹಾಕಿ. ಆ 'ಪಿ' ಅಕ್ಷಾಂಶದ ಗುರುತು, 8ರಿಂದ 16 ಡಿಗ್ರಿವರೆಗೆ ಅದೇ. ರಾಯಚೂರು, ವಿಜಯಪುರ, ಕಲಬುರಗಿ ಕಡೆಯವರಿಗೆ ಮಾತ್ರ 'ಕ್ಯು' ಬರುತ್ತದೆ.

ಇನ್ನೊಂದು ಮಾತು. ನಿಮ್ಮ ಪಕ್ಕದ ಜಮೀನಿನವರ ನಕ್ಷೆಯಲ್ಲಿ 8,30,000 ಅಂತ ಇದ್ದರೆ ಗಾಬರಿ ಬೇಡ. ಇಡೀ ರಾಜ್ಯಕ್ಕೆ ಒಂದೇ ಝೋನ್ ಇರಲಿ ಅಂತ 43ರಲ್ಲೇ ಲೆಕ್ಕ ಹಾಕುವವರು ಇದ್ದಾರೆ. ಅಂಥ ಅಂಕಿಯನ್ನು ಮೊದಲು ಕಂಪ್ಯೂಟರ್‌ನಲ್ಲಿ ಅಕ್ಷಾಂಶ-ರೇಖಾಂಶಕ್ಕೆ ತಿರುಗಿಸಿ, ಆಮೇಲೆ ಜಿಪಿಎಸ್‌ಗೆ ಹಾಕುವುದೇ ಒಳ್ಳೆಯದು.

ಹಾಗೆ ತಿರುಗಿಸಿದಾಗ ಒಂದು ಎಚ್ಚರ ಬೇಕು. 13 ಡಿಗ್ರಿ 24 ನಿಮಿಷ 36 ಸೆಕೆಂಡ್ ಅನ್ನುವುದನ್ನು 13.2436 ಅಂತ ಬರೆಯುವವರನ್ನು ನಾನು ಬಹಳ ನೋಡಿದ್ದೇನೆ. ಅದು ತಪ್ಪು. 24 ಅನ್ನು 60ರಿಂದ ಭಾಗಿಸಿ, 36 ಅನ್ನು 3600ರಿಂದ ಭಾಗಿಸಿ, ಎರಡನ್ನೂ 13ಕ್ಕೆ ಕೂಡಬೇಕು. ಬರುವುದು 13.41. ಸುಮ್ನೆ ಚುಕ್ಕಿ ಇಟ್ಟು ಬರೆದರೆ 18 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ, ಮತ್ತು ಅದೂ ಯಾರದೋ ಹೊಲವೇ ಆಗಿರುವುದರಿಂದ ತಪ್ಪಾಗಿದೆ ಅಂತ ಬೇಗ ಗೊತ್ತಾಗುವುದೂ ಇಲ್ಲ.

ಪ್ರಶ್ನೆ: ನಮ್ಮ ನಕ್ಷೆಯಲ್ಲಿ ಒಂದು ಮೂಲೆಗೆ 1000, 1000 ಅಂತ ಇದೆ. ಉಳಿದ ಮೂಲೆಗಳು 1000, 1200 ಮತ್ತು 1100, 1000 ಹೀಗೆ. ಇದನ್ನು ಯಾವ ಆ್ಯಪ್‌ಗೆ ಹಾಕಿದರೂ ಏನೂ ಬರುತ್ತಿಲ್ಲ. ಇದಕ್ಕೆ ಸೂತ್ರ ಇದೆಯೇ?

ಉತ್ತರ: ಆ ಅಂಕಿಗಳನ್ನು ಮಾತ್ರ ಹಿಡಿದು ಲೆಕ್ಕ ಹಾಕುವ ಸೂತ್ರ ಇಲ್ಲ. ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಯಂತ್ರ) ಇಟ್ಟು ಅಳೆಯುವವರು ಮೊದಲ ಕಲ್ಲಿಗೆ ತಾವೇ 1000, 1000 ಅಂತ ಹೆಸರಿಟ್ಟು ಶುರು ಮಾಡುತ್ತಾರೆ. ಜಮೀನಿನ ಒಳಗಿನ ಅಳತೆ ಸರಿಯಾಗಿರುತ್ತದೆ, ಆದರೆ ಆ ಜಮೀನು ಭೂಮಿಯ ಮೇಲೆ ಎಲ್ಲಿದೆ, ನಕ್ಷೆಯ ಉತ್ತರ ನಿಜವಾದ ಉತ್ತರವೇ ಅನ್ನುವುದು ಅದರಲ್ಲಿ ಇರುವುದಿಲ್ಲ.

ಆದರೂ ದಾರಿ ಇದೆ. ನಕ್ಷೆಯಲ್ಲೂ ಇರುವ, ನೆಲದ ಮೇಲೂ ಇನ್ನೂ ನಿಂತಿರುವ ಎರಡು ಕಲ್ಲು ಸಿಕ್ಕರೆ ಸಾಕು. ಎರಡರ ಹತ್ತಿರವೂ ಜಿಪಿಎಸ್ ಇಟ್ಟು ಯುಟಿಎಂ ಅಂಕಿ ತೆಗೆದುಕೊಳ್ಳಿ. ಗಾರ್ಮಿನ್‌ನಲ್ಲಿ ವೇಪಾಯಿಂಟ್ ಆವರೇಜಿಂಗ್ (ಒಂದೇ ಜಾಗವನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವುದು) ಅಂತ ಇದೆ, ಅದನ್ನು ಹಾಕಿ ಹತ್ತು ನಿಮಿಷ ಬಿಡಿ, ಸಾಧ್ಯವಾದರೆ ಸಂಜೆ ಮತ್ತೊಮ್ಮೆ ಬಂದು ಅಳೆಯಿರಿ.

ಒಂದು ಉದಾಹರಣೆ ಹಾಕಿ ನೋಡೋಣ. ನಕ್ಷೆಯ ಪ್ರಕಾರ ಎರಡನೇ ಕಲ್ಲು ಮೊದಲನೆಯದರಿಂದ ನೇರ ಉತ್ತರಕ್ಕೆ 200 ಮೀಟರ್. ಜಿಪಿಎಸ್ ಪ್ರಕಾರ ಅದು 199 ಮೀಟರ್ ಉತ್ತರಕ್ಕೆ, 20 ಮೀಟರ್ ಪೂರ್ವಕ್ಕೆ ಇದೆ ಅಂದುಕೊಳ್ಳಿ. ದೂರ ಲೆಕ್ಕ ಹಾಕಿದರೆ 200 ಮೀಟರೇ ಬರುತ್ತದೆ, ಅಂದರೆ ಕಲ್ಲುಗಳು ಸರಿ. ದಿಕ್ಕು ಮಾತ್ರ ಹೆಚ್ಚುಕಡಿಮೆ 5.7 ಡಿಗ್ರಿ ಪೂರ್ವಕ್ಕೆ ತಿರುಗಿದೆ. ಇಡೀ ನಕ್ಷೆಯನ್ನು ಅಷ್ಟೇ ತಿರುಗಿಸಬೇಕು. ಮೊದಲ ಕಲ್ಲಿನಿಂದ ಪೂರ್ವಕ್ಕೆ 100 ಮೀಟರ್ ಅಂತ ನಕ್ಷೆ ಹೇಳುವ ಮೂರನೇ ಮೂಲೆ ನಿಜವಾಗಿ 99.5 ಮೀಟರ್ ಪೂರ್ವಕ್ಕೆ, 10 ಮೀಟರ್ ದಕ್ಷಿಣಕ್ಕೆ ಸಿಗುತ್ತದೆ. ಈ ಎರಡನ್ನು ಮೊದಲ ಕಲ್ಲಿನ ಯುಟಿಎಂ ಅಂಕಿಗೆ ಕೂಡಿ ಕಳೆದರೆ ಮೂಲೆಯ ಅಂಕಿ ಬಂತು.

ಎರಡು ಕಲ್ಲು ಆದಷ್ಟು ದೂರ ಇರಬೇಕು. ಕೈಯಲ್ಲಿ ಹಿಡಿಯುವ ಜಿಪಿಎಸ್ ಬಯಲಿನಲ್ಲೇ 3ರಿಂದ 5 ಮೀಟರ್ ಆಚೀಚೆ ಆಗುತ್ತದೆ. ಕಲ್ಲುಗಳ ನಡುವೆ 200 ಮೀಟರ್ ಇದ್ದು, 5 ಮೀಟರ್ ತಪ್ಪಾದರೆ ದಿಕ್ಕಿನಲ್ಲಿ ಒಂದೂವರೆ ಡಿಗ್ರಿಯಷ್ಟು ತಪ್ಪು, ಅದೇ ದಿಕ್ಕು ಹಿಡಿದು 400 ಮೀಟರ್ ನಡೆದರೆ 10 ಮೀಟರ್ ತಪ್ಪು. ಕಲ್ಲುಗಳ ನಡುವಿನ ದೂರ ನಕ್ಷೆಯದಕ್ಕೂ ಜಿಪಿಎಸ್‌ಗೂ ತಾಳೆಯೇ ಆಗದಿದ್ದರೆ, ಉದಾಹರಣೆಗೆ ನಕ್ಷೆಯ ದೂರ ಜಿಪಿಎಸ್ ದೂರದ ಸುಮಾರು 3.3 ಪಟ್ಟು ಬಂದರೆ, ನಕ್ಷೆ ಮೀಟರ್‌ನಲ್ಲಿಲ್ಲ, ಅಡಿಯಲ್ಲಿದೆ ಅಂತ ಅರ್ಥ.

ಪ್ರಶ್ನೆ: ಸಾಗರದ ಕಡೆಯವಳು ನಾನು. ಕಾಡಿನೊಳಗಿನ ಒಂದು ಹಳೆಯ ಕೆರೆ ಹುಡುಕುತ್ತಿದ್ದೇವೆ. ಹಳೆಯ ಟೋಪೋಶೀಟ್‌ನಿಂದ (ಸರ್ವೆ ಆಫ್ ಇಂಡಿಯಾದ ನಕ್ಷೆ) ಅಕ್ಷಾಂಶ-ರೇಖಾಂಶ ತೆಗೆದು ಜಿಪಿಎಸ್‌ಗೆ ಹಾಕಿ ಹೋದರೆ ಪ್ರತಿ ಸಲ ಬೇರೆ ಕಡೆ ಹೋಗಿ ನಿಲ್ಲುತ್ತೇವೆ. ಝೋನ್ ಗೊಂದಲ ಇದರಲ್ಲಿ ಇಲ್ಲ, ಅಲ್ವಾ?

ಉತ್ತರ: ಇಲ್ಲ ಮೇಡಂ, ನಿಮ್ಮದು ಡೇಟಮ್ ಗೊಂದಲ. ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸುವುದು ಇದೇ, ಯಾಕಂದರೆ ಅಂಕಿ ನೋಡಿದರೆ ಏನೂ ತಪ್ಪು ಕಾಣುವುದಿಲ್ಲ.

ಭೂಮಿ ಪೂರ್ತಿ ಗುಂಡಗಿಲ್ಲ. ಅದರ ಆಕಾರಕ್ಕೆ ಒಂದು ಲೆಕ್ಕ ಇಟ್ಟುಕೊಂಡೇ ಅಕ್ಷಾಂಶ-ರೇಖಾಂಶ ಕಟ್ಟಬೇಕು. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ದೊಡ್ಡ ತ್ರಿಕೋನ ಸರ್ವೆಯನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಒಂದು ಲೆಕ್ಕ ಕೊಟ್ಟರು. ಈಗಿನ ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲವಾಗಿಟ್ಟುಕೊಂಡು, ಅದೇ ಲೆಕ್ಕದ ಮೇಲೆ ನಮ್ಮ ಹಳೆಯ ಟೋಪೋಶೀಟ್‌ಗಳು ನಿಂತಿವೆ. ಜಿಪಿಎಸ್ ನಡೆಯುವುದು ಡಬ್ಲ್ಯುಜಿಎಸ್ 84ರ ಲೆಕ್ಕದಲ್ಲಿ. ಒಂದೇ ಕಲ್ಲಿಗೆ ಎರಡೂ ಬೇರೆ ಬೇರೆ ಅಂಕಿ ಕೊಡುತ್ತವೆ. ಸಾಗರದ ಕಡೆ ವ್ಯತ್ಯಾಸ ಸುಮಾರು 145 ಮೀಟರ್ ಉತ್ತರ-ದಕ್ಷಿಣ, 95 ಮೀಟರ್ ಪೂರ್ವ-ಪಶ್ಚಿಮ. ಬೆಂಗಳೂರಿನ ಸುತ್ತ ಒಟ್ಟು ಸುಮಾರು 200 ಮೀಟರ್.

ಹಳೆಯ ಶೀಟಿನ ಅಂಕಿ ಹಾಗೇ ಹಾಕಿದರೆ ನೀವು ನಿಜವಾದ ಜಾಗದ ಆಗ್ನೇಯಕ್ಕೆ ಹೋಗಿ ನಿಲ್ಲುತ್ತೀರಿ. ಕೆರೆ ನಿಮ್ಮ ವಾಯವ್ಯಕ್ಕೆ, 170 ಮೀಟರ್ ಸುಮಾರಿನಲ್ಲಿ ಇರಬೇಕು. ಮಲೆನಾಡಿನ ಕಾಡಿನಲ್ಲಿ 170 ಮೀಟರ್ ಅಂದರೆ ಪಕ್ಕದ ಕಣಿವೆ. ವರ್ಷಗಳ ಹಿಂದೆ ಒಂದು ವೀರಗಲ್ಲಿಗಾಗಿ ನಾನೂ ಹೀಗೇ ಎರಡು ದಿನ ತಿರುಗಿದ್ದೇನೆ, ಆಗ ಇದನ್ನು ಹೇಳಿಕೊಡುವವರು ಯಾರೂ ಸಿಗಲಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಮಾಡೆಲ್‌ನಲ್ಲಿ ಯೂಸರ್ ಡೇಟಮ್ ಇದ್ದರೆ ಈ ಅಂಕಿಗಳನ್ನು ಹಾಕಿ: ಡಿಎಕ್ಸ್ 295, ಡಿವೈ 736, ಡಿಝಡ್ 257, ಡಿಎ 835.757, ಡಿಎಫ್ 0.28361. ಆಮೇಲೆ ಟೋಪೋಶೀಟಿನ ಅಂಕಿ ನೇರವಾಗಿ ಹಾಕಬಹುದು. 10–20 ಮೀಟರ್ ತಪ್ಪು ಉಳಿಯಬಹುದು, ಕೆರೆ ಹುಡುಕಲು ಅಷ್ಟು ಸಾಕು. ಕೆಲಸ ಮುಗಿದ ಕೂಡಲೇ ಮರೆಯದೆ ಡಬ್ಲ್ಯುಜಿಎಸ್ 84ಕ್ಕೆ ವಾಪಸ್ ಬನ್ನಿ.

ಶೀಟ್ ಹಳೆಯದೋ ಹೊಸದೋ ಅಂತ ನಂಬರ್ ನೋಡಿ ತಿಳಿಯಬಹುದು. ನಿಮ್ಮ ಕಡೆಯ ಹಳೆಯ ಶೀಟುಗಳು 48ರಿಂದ ಶುರುವಾಗುತ್ತವೆ, ಬೆಂಗಳೂರು ಕಡೆಯವು 57ರಿಂದ. 2005ರ ನಕ್ಷಾ ನೀತಿಯ ನಂತರ ಬಂದ ಓಪನ್ ಸೀರೀಸ್ ಶೀಟಿನ ನಂಬರ್ ನಿಮ್ಮ ಕಡೆ 'ಡಿ43' ಅಂತ ಶುರುವಾಗುತ್ತದೆ, ಅದು ಡಬ್ಲ್ಯುಜಿಎಸ್ 84ರಲ್ಲೇ ಇದೆ, ಏನೂ ತಿರುಗಿಸಬೇಕಿಲ್ಲ.

ಪ್ರಶ್ನೆ: ನಮ್ಮ ಹತ್ತಿರ ಇರುವುದು ಅಜ್ಜನ ಕಾಲದ ಸರ್ವೆ ಟಿಪ್ಪಣಿ (ಜಮೀನಿನ ಅಳತೆ ಬರೆದ ಹಳೆಯ ಕಾಗದ) ಮಾತ್ರ. ಸರಪಳಿ, ಆಣೆ ಅಂತ ಬರೆದಿದೆ. ಇದನ್ನು ಜಿಪಿಎಸ್‌ಗೆ ತರಬಹುದೇ? ತಂದ ಮೇಲೆ ಕಳೆದುಹೋಗಿರುವ ಗಡಿಯ ಬಾಂದು ಕಲ್ಲನ್ನು ನಾವೇ ನೆಡಬಹುದೇ?

ಉತ್ತರ: ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಖಂಡಿತ ಬೇಡ.

ಟಿಪ್ಪಣಿಯ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಎಕರೆ ಅನ್ನುವುದು ನಿಮಗೆ ಗೊತ್ತೇ ಇದೆ. ಮೀಟರ್‌ನಲ್ಲಿ ಸರಪಳಿ 10.06, ಆಣೆ 63 ಸೆಂಟಿಮೀಟರ್. 7 ಸರಪಳಿ 8 ಆಣೆ ಅಂದರೆ ಏಳೂವರೆ ಸರಪಳಿ, 75.4 ಮೀಟರ್. ಅನುಮಾನ ಇಲ್ಲದ ಒಂದು ಹಳೆಯ ಕಲ್ಲನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ, ಅಲ್ಲಿಂದ ದಿಕ್ಕು ಮತ್ತು ದೂರ ಕೊಟ್ಟು ಪ್ರೊಜೆಕ್ಟ್ ವೇಪಾಯಿಂಟ್ ಮಾಡಿದರೆ ಮುಂದಿನ ಕಲ್ಲು ಇರಬೇಕಾದ ಜಾಗ ತೋರಿಸುತ್ತದೆ. ಮಣ್ಣು, ಲಂಟಾನ ಸರಿಸಿ ಹುಡುಕಿ. ಎಷ್ಟೋ ಸಲ ಕಲ್ಲು ಅಲ್ಲೇ ಹೂತಿರುತ್ತದೆ. ನಿಂತ ಜಾಗದ ಸರ್ವೆ ನಂಬರ್ ಯಾವುದು ಅಂತ ತಿಳಿಯಲು ದಿಶಾಂಕ್ ಆ್ಯಪ್ ಕೂಡ ನೋಡಿ.

ಆದರೆ ಹುಡುಕುವುದು ಬೇರೆ, ನೆಡುವುದು ಬೇರೆ. 5 ಮೀಟರ್ ತಪ್ಪು ಬರುವ ಮೆಷಿನ್ ಹಿಡಿದು 63 ಸೆಂಟಿಮೀಟರ್ ಲೆಕ್ಕದಲ್ಲಿ ಬರೆದ ಟಿಪ್ಪಣಿಯ ಗಡಿ ತೀರ್ಮಾನ ಮಾಡಲು ಆಗುವುದಿಲ್ಲ. 100 ಮೀಟರ್ ಉದ್ದದ ಬದು 5 ಮೀಟರ್ ಸರಿದರೆ ಐದು ಗುಂಟೆ ಹತ್ತಿರ ಹೋಯಿತು, ಅದಕ್ಕಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದನ್ನು ನೀವೂ ನೋಡಿರುತ್ತೀರಿ. ಹದ್ದುಬಸ್ತಿಗೆ (ಗಡಿ ಗುರುತಿಸುವ ಸರ್ಕಾರಿ ಅಳತೆಗೆ) ಅರ್ಜಿ ಹಾಕಿ. ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಎಲ್ಲರ ಎದುರು ಅಳೆದು ಕಲ್ಲು ತೋರಿಸಲಿ. ಅವರು ಬಂದ ದಿನ ನಕ್ಷೆಯ ಮೇಲೆ ಡೇಟಮ್, ಝೋನ್, ಅಳತೆ ಮೀಟರೋ ಅಡಿಯೋ ಅಂತ ಬರೆಸಿಕೊಳ್ಳಿ. ಕಲ್ಲು ನೆಟ್ಟ ಮೇಲೆ ನಿಮ್ಮ ಜಿಪಿಎಸ್ ತೆಗೆದು ಪ್ರತಿ ಕಲ್ಲಿನ ಮೇಲೂ ಇಟ್ಟು ಅಂಕಿ ಬರೆದಿಡಿ, ಪಕ್ಕದಲ್ಲಿ ಒಂದು ಫೋಟೊ ಇರಲಿ. ಮುಂದೆ ಟ್ರ್ಯಾಕ್ಟರ್ ತಾಗಿ ಕಲ್ಲು ಬಿದ್ದು ಹೂತುಹೋದರೆ ಎಲ್ಲಿ ಅಗೆಯಬೇಕು ಅಂತ ಮಕ್ಕಳಿಗೆ ಗೊತ್ತಾಗುತ್ತದೆ.