ಕೇಳುವ ಮೊದಲೇ ಹೇಳಿಬಿಡಿ

ಓದುಗರ ಪತ್ರ:

"ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಈ ಸಲದ ಅಪ್ರೈಸಲ್‌ನಲ್ಲಿ ನಮ್ಮ ಮ್ಯಾನೇಜರ್, 'ನಿಮ್ಮ ಕೆಲಸ ಚೆನ್ನಾಗಿದೆ, ಆದರೆ ಇನ್ನಷ್ಟು ಪ್ರೊಫೆಷನಲ್ ಆಗಬೇಕು' ಎಂದರು. ಹಾಗೆಂದರೆ ಏನು ಎಂದು ಕೇಳಲು ಧೈರ್ಯ ಬರಲಿಲ್ಲ. ಅವತ್ತಿನಿಂದ ಬೆಳಿಗ್ಗೆ ಐದಕ್ಕೆ ಏಳುವುದು, ಡೈರಿ ಬರೆಯುವುದು, ದಿನದ ಕೆಲಸಗಳಿಗೊಂದು ಆ್ಯಪ್, ಎಲ್ಲವನ್ನೂ ಶುರು ಮಾಡಿದೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅಂತಾರೆ. ನಾನು ಎರಡನೇ ವಾರ ದಾಟುವುದೇ ಇಲ್ಲ. ನನ್ನಲ್ಲಿ ಶಿಸ್ತೇ ಇಲ್ಲವೇ? ಯಾವ ಅಭ್ಯಾಸದಿಂದ ಶುರು ಮಾಡಲಿ? ದಿನವಿಡೀ ಬರುವ ಮೆಸೇಜ್‌ಗಳನ್ನು ಏನು ಮಾಡಲಿ?"

ಸಂಪಾದಕರ ಉತ್ತರ:

ಮೊದಲು ಆ 21ರ ಲೆಕ್ಕ ಮುಗಿಸೋಣ. ಅದರ ಹೆಸರಿನಲ್ಲಿ ನೀವು ಸುಮ್ನೆ ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಿ.

ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಮಾತು ಬರೆದರು. ಮುಖದ ಸರ್ಜರಿ ಆದವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು. ಬಾಯಿಂದ ಬಾಯಿಗೆ ದಾಟುತ್ತಾ 'ಕಡಿಮೆಯೆಂದರೂ' ಬಿದ್ದುಹೋಯಿತು, ಸರ್ಜರಿಯ ಮಾತೂ ಬಿದ್ದುಹೋಯಿತು. 21 ಮಾತ್ರ ಉಳಿಯಿತು.

ಇದನ್ನು ನಿಜವಾಗಿ ಅಳೆದು ನೋಡಿದವರು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಜೊತೆಗಾರರು. ಅವರ ಅಧ್ಯಯನ 2009ರಲ್ಲಿ ಹೊರಬಂತು. ಅದರಲ್ಲಿ 96 ಜನ ಇದ್ದರು. ಪ್ರತಿಯೊಬ್ಬರೂ ಒಂದೇ ಒಂದು ಸಣ್ಣ ಕೆಲಸ ಆರಿಸಿಕೊಂಡು, ದಿನಾ ಒಂದೇ ಸಂದರ್ಭದಲ್ಲಿ ಮಾಡಬೇಕಿತ್ತು. 12 ವಾರ ಹೀಗೆ ನಡೆಯಿತು. ಕೆಲಸ ತಾನಾಗಿಯೇ ಆಗುವ ಹಂತಕ್ಕೆ ಬರಲು ಬೇಕಾದ ದಿನಗಳ ಮಧ್ಯದ ಅಂಕಿ 66. ಆದರೆ ಆ 66 ಕೂಡ ನಂಬಿ ಕೂರುವಂಥದ್ದಲ್ಲ, ಯಾಕೆಂದರೆ ಒಬ್ಬರಿಂದ ಒಬ್ಬರಿಗೆ ಲೆಕ್ಕ 18ರಿಂದ 254 ದಿನದವರೆಗೆ ಹರಡಿತ್ತು. ನಿಮಗೆ ಹೆಚ್ಚು ಬೇಕಾಗಿರುವುದು ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲ. ಒಂದು ದಿನ ತಪ್ಪಿತು ಅಂತ ಪೂರ್ತಿ ಕೈಬಿಡುವುದು ನಾವಾಗಿ ಹಾಕಿಕೊಂಡ ಶಿಕ್ಷೆ.

ನೀವು ಎರಡನೇ ವಾರಕ್ಕೆ ಬಿಟ್ಟದ್ದು ಶಿಸ್ತು ಇಲ್ಲದೆ ಅಂತ ನನಗೆ ಅನ್ನಿಸುವುದಿಲ್ಲ. ಒಟ್ಟಿಗೇ ಮೂರು ಶುರು ಮಾಡಿದಿರಿ. ಅದೂ ಹೋಗಲಿ. ನೀವು ಐದಕ್ಕೆ ಎದ್ದಿರೋ ಏಳಕ್ಕೆ ಎದ್ದಿರೋ, ನಿಮ್ಮ ಆಫೀಸಿನಲ್ಲಿ ಯಾರಿಗೂ ಅದರ ಬಿಸಿ ತಟ್ಟುವುದಿಲ್ಲ. ಡೈರಿಯೂ ಅಷ್ಟೇ. ಮ್ಯಾನೇಜರ್ ಹೇಳಿದ ಮಾತಿಗೂ ನೀವು ಹಿಡಿದ ದಾರಿಗೂ ಸಂಬಂಧವೇ ಇಲ್ಲ, ಅಲ್ವಾ?

ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ಅವರಿಗೇ ಗೊತ್ತು. ಆದರೆ "ಕೆಲಸ ಚೆನ್ನಾಗಿದೆ, ಆದರೆ..." ಎಂಬ ಮಾತು ನಮ್ಮಂಥ ಸಂಪಾದಕರಿಗೂ ಚಿರಪರಿಚಿತ. ಹಾಗಾಗಿ ಒಂದು ಊಹೆ ಮಾಡುತ್ತೇನೆ.

ಪತ್ರಿಕೆಗೆ ಬರೆಯುವವರಲ್ಲಿ ಎರಡು ತರಹದವರು ಇರುತ್ತಾರೆ. ಒಬ್ಬರು ಅದ್ಭುತವಾಗಿ ಬರೆಯುತ್ತಾರೆ. ಆದರೆ ಪುಟ ಕಟ್ಟುವ ದಿನ ಫೋನ್ ಎತ್ತುವುದಿಲ್ಲ. ಲೇಖನ ಬರುತ್ತದೋ ಇಲ್ಲವೋ ಎಂದು ನಾವು ಕಾಯುತ್ತಾ ಕೂರಬೇಕು. ಇನ್ನೊಬ್ಬರು ಸಾಧಾರಣವಾಗಿ ಬರೆಯುತ್ತಾರೆ. ಶುಕ್ರವಾರ ಕೊಡಬೇಕಾದ್ದು ಆಗುವುದಿಲ್ಲ ಅಂತಾದರೆ ಮಂಗಳವಾರವೇ ಹೇಳುತ್ತಾರೆ. ಮುಂದಿನ ಸಲ ನಮ್ಮ ಕೈ ಎರಡನೆಯವರ ನಂಬರಿಗೇ ಹೋಗುತ್ತದೆ. ತಡ ಆಗುವುದನ್ನು ನಾವು ಸಹಿಸಿಕೊಳ್ಳುತ್ತೇವೆ. ಪುಟ ಖಾಲಿ ಉಳಿಯುತ್ತದೆ ಎಂಬುದು ಕೊನೇ ಗಳಿಗೆಯಲ್ಲಿ ಗೊತ್ತಾಗುವುದನ್ನು ಸಹಿಸಿಕೊಳ್ಳಲು ಆಗುವುದಿಲ್ಲ.

ನಿಮ್ಮ ಮ್ಯಾನೇಜರ್ ಸಂಕಟವೂ ಇದೇ ಇರಬಹುದು. ನಿಮ್ಮ ಕೆಲಸ ಎಲ್ಲಿಗೆ ಬಂತು ಎಂದು ತಿಳಿಯಲು ಅವರೇ ಬಂದು ಕೇಳಬೇಕಾಗುತ್ತಿದೆಯೇ? ಕಳೆದ ಒಂದು ತಿಂಗಳು ನೆನಪಿಸಿಕೊಳ್ಳಿ. "ಅದು ಏನಾಯ್ತು?" ಎಂದು ಎಷ್ಟು ಸಲ ಕೇಳಿಸಿಕೊಂಡಿರಿ? ಜಾಸ್ತಿ ಸಲ ಎಂದಾದರೆ, ಶುರು ಮಾಡಬೇಕಾದ ಅಭ್ಯಾಸ ಸಿಕ್ಕಿತು: ಅವರು ಕೇಳುವ ಮೊದಲೇ ಹೇಳುವುದು.

ಹೇಳಲು ಸುಲಭ ಅನ್ನಿಸುತ್ತದೆ. ಆದರೆ ಇದು ಕೆಡುವುದು ಮೊದಲ ಮಾತಿನಲ್ಲೇ. "ಯಾವಾಗ ಕೊಡ್ತೀರಿ?" ಅಂತಾರೆ. "ಗುರುವಾರ" ಅಂದುಬಿಡುತ್ತೇವೆ. ಆ ಗುರುವಾರ ಎಲ್ಲಿಂದ ಬಂತು? ಎಲ್ಲವೂ ಸರಿಯಾಗಿ ನಡೆದರೆ ಎಷ್ಟು ಹೊತ್ತು ಬೇಕು ಎಂಬ ಕಲ್ಪನೆಯಿಂದ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಈ ತಪ್ಪನ್ನು ಗುರುತಿಸಿದ್ದರು. 1994ರಲ್ಲಿ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕೆಲ್ ರಾಸ್ ಅದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದು ಕೇಳಿದರೆ, ಅವರ ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟರೆ? ಸುಮಾರು 49 ಅಂದರು. ನಿಜಕ್ಕೂ ಹಿಡಿದದ್ದು 55ಕ್ಕಿಂತ ಜಾಸ್ತಿ. ಎಲ್ಲ ಕೆಡುತ್ತದೆ ಎಂದುಕೊಂಡು ಹೇಳಿದ ಲೆಕ್ಕವೂ ಸಾಲಲಿಲ್ಲ! ತಾವೇ ಹೇಳಿದ ದಿನಕ್ಕೆ ಮುಗಿಸಿದವರು ಹತ್ತರಲ್ಲಿ ಮೂವರು.

ಹಾಗಾಗಿ ದಿನಾಂಕ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇಂಥದ್ದೇ ಕೆಲಸಕ್ಕೆ ಹೋದ ಸಲ ಎಷ್ಟು ದಿನ ಹಿಡಿದಿತ್ತು? ನೆನಪನ್ನು ನಂಬಬೇಡಿ, ಅದು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಕೆಲಸ ಕೈಗೆ ಬಂದ ದಿನ, ಮುಗಿದ ದಿನ, ಎರಡನ್ನೂ ಒಂದು ಪುಟದಲ್ಲಿ ಬರೆದಿಡುತ್ತಾ ಹೋಗಿ. ನೀವು ಬಿಟ್ಟ ಡೈರಿ ಇದಕ್ಕೆ ಆಗುತ್ತದೆ. ಕೂಡಲೇ ಉತ್ತರ ಹೇಳಲೇಬೇಕು ಅಂತೇನಿಲ್ಲ. "ನೋಡಿಕೊಂಡು ಸಂಜೆಯೊಳಗೆ ಹೇಳ್ತೀನಿ" ಎಂದವರನ್ನು ಯಾರೂ ಸೋಮಾರಿ ಅಂದುಕೊಳ್ಳುವುದಿಲ್ಲ. ಸಂಜೆಯೊಳಗೆ ಹೇಳದಿದ್ದರೆ ಮಾತ್ರ ಅಂದುಕೊಳ್ಳುತ್ತಾರೆ.

ಆಮೇಲೂ ತಡವಾಗುತ್ತದೆ. ಆಗ ಬಹಳ ಜನ ಮಾಡುವುದು ಮೌನ. ಮುಗಿಸಿಯೇ ಹೇಳೋಣ, ಈಗ ಹೇಳಿದರೆ ಬೈಸಿಕೊಳ್ಳಬೇಕು ಎಂಬ ಲೆಕ್ಕ. ಇಲ್ಲಿ ಒಂದು ಸಣ್ಣ ಮೆಸೇಜ್ ಸಾಕು: "ಶುಕ್ರವಾರ ಕೊಡ್ತೀನಿ ಅಂದಿದ್ದೆ. ಎರಡನೇ ಭಾಗದ ಅಂಕಿಗಳು ಇನ್ನೂ ಬಂದಿಲ್ಲ. ಸೋಮವಾರ ಮಧ್ಯಾಹ್ನದೊಳಗೆ ಪೂರ್ತಿ ಕೊಡ್ತೀನಿ. ಮೊದಲ ಭಾಗ ಈಗಲೇ ಬೇಕಿದ್ದರೆ ಕಳಿಸಲೇ?" ಕ್ಷಮೆಯ ಉದ್ದ ಪೀಠಿಕೆ ಬೇಡ, ಮನೆಯ ತಾಪತ್ರಯದ ಕಥೆಯೂ ಬೇಡ. ಓದುವವರಿಗೆ ಬೇಕಾದದ್ದು ಹೊಸ ದಿನ ಮತ್ತು ಅಲ್ಲಿಯವರೆಗೆ ಏನು ಸಿಗುತ್ತದೆ ಎಂಬುದು. ಆ ಹೊಸ ದಿನ ಮಾತ್ರ ಮತ್ತೆ ತಪ್ಪಬಾರದು. ಅದಕ್ಕೆ ಅದನ್ನು ಧಾರಾಳವಾಗಿಯೇ ಇಟ್ಟುಕೊಳ್ಳಿ.

ಇದನ್ನು ಅಭ್ಯಾಸ ಮಾಡಿಕೊಳ್ಳುವುದು ಹೇಗೆ? "ಇನ್ನು ಮೇಲೆ ಸರಿಯಾಗಿ ತಿಳಿಸುತ್ತೇನೆ" ಎಂದು ಸಂಕಲ್ಪ ಮಾಡಿದರೆ ಆಗುವುದಿಲ್ಲ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿಕೊಟ್ಟ ಒಂದು ಉಪಾಯ ಇದೆ: 'ಹೀಗಾದಾಗ ಹೀಗೆ ಮಾಡುತ್ತೇನೆ' ಎಂದು ಮೊದಲೇ ಜೋಡಿ ಮಾಡಿಟ್ಟುಕೊಳ್ಳುವುದು. 2006ರಲ್ಲಿ ಅವರು ಪಾಸ್ಕಲ್ ಶೀರನ್ ಜೊತೆ ಸೇರಿ ಇಂಥ 94 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ಜೋಡಿಸಿಕೊಂಡವರು ಸ್ಪಷ್ಟವಾಗಿ ಮುಂದಿದ್ದರು. ನಿಮ್ಮ ಜೋಡಿ ಹೀಗಿರಲಿ: ಊಟ ಮುಗಿಸಿ ಕುರ್ಚಿಗೆ ವಾಪಸ್ ಕೂತ ಕೂಡಲೇ, ಕೈಯಲ್ಲಿರುವ ಕೆಲಸಗಳ ಪಟ್ಟಿ ನೋಡುತ್ತೇನೆ, ಯಾವುದಾದರೂ ಹೇಳಿದ ದಿನಕ್ಕೆ ಮುಗಿಯುವಂತೆ ಕಾಣದಿದ್ದರೆ, ಬೇರೆ ಕೆಲಸ ಮುಟ್ಟುವ ಮೊದಲು ಅದನ್ನು ತಿಳಿಸುತ್ತೇನೆ. ಇಷ್ಟೇ. ಐದು ನಿಮಿಷದ್ದು. ಇದು ತಾನಾಗಿ ಆಗುವವರೆಗೆ ಇನ್ನೊಂದು ಅಭ್ಯಾಸಕ್ಕೆ ಕೈ ಹಾಕಬೇಡಿ.

ಇನ್ನು ಮೆಸೇಜ್‌ಗಳ ವಿಷಯ. ಅಡ್ಡಿಯಾದರೆ ಕೆಲಸ ನಿಧಾನ ಆಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ ಮತ್ತು ಜೊತೆಗಾರರು 2008ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ, ಅಡ್ಡಿಗೆ ಸಿಕ್ಕವರು ಆ ಕೆಲಸವನ್ನು ಬೇಗ ಮುಗಿಸಿದ್ದರು! ಹೋದ ಸಮಯವನ್ನು ಸರಿತೂಗಿಸಲು ಓಡಿದ್ದರು. ಅದರ ಬೆಲೆ ಬೇರೆ ಕಡೆ ತೆತ್ತಿದ್ದರು: ಒತ್ತಡ, ಕಿರಿಕಿರಿ, ಹೆಚ್ಚಿನ ಶ್ರಮ. ದಿನದ ಕೊನೆಗೆ ಕೆಲಸವೆಲ್ಲ ಆಗಿದ್ದರೂ ನೀವು ಹಿಂಡಿ ಹಿಪ್ಪೆಯಾಗಿರುವುದು ಇದೇ ಕಾರಣಕ್ಕೆ ಇರಬಹುದು.

ಮೆಸೇಜ್ ನೋಡಲು ಹೊತ್ತು ಗೊತ್ತು ಮಾಡಿಕೊಳ್ಳಿ ಎಂಬ ಸಲಹೆ ಹಳೆಯದು. ಅದರ ಜೊತೆ ಇನ್ನೊಂದು ಮಾಡದಿದ್ದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಆ ಹೊತ್ತು ಯಾವುದು ಎಂದು ಜೊತೆಯವರಿಗೂ ಗೊತ್ತಿರಬೇಕು, ಅರ್ಜೆಂಟ್ ಇದ್ದರೆ ಫೋನ್ ಮಾಡಿ ಎಂದೂ ಹೇಳಿರಬೇಕು. ಹೇಳದೆ ಮಾಯವಾದರೆ ಮತ್ತೆ ಅದೇ ಹಳೇ ದೂರು. ಹಾಂ, ಗ್ರಾಹಕರ ಕರೆಗೆ ಉತ್ತರ ಕೊಡುವುದೇ ನಿಮ್ಮ ಕೆಲಸವಾಗಿದ್ದರೆ ಈ ಪ್ಯಾರಾ ಬಿಟ್ಟುಬಿಡಿ. ಅಡ್ಡಿ ಬಂದಾಗ ಎಲ್ಲರಿಗೂ ಆಗುವ ಒಂದು ಉಪಾಯ: ಎದ್ದು ಹೋಗುವ ಮೊದಲು ಎಲ್ಲಿ ನಿಂತಿತು, ಮುಂದೇನು ಎಂದು ಒಂದು ಸಾಲು ಬರೆದಿಡಿ. ಸೋಫಿ ಲೆರಾಯ್ ಮತ್ತು ಥೆರೇಸಾ ಗ್ಲೋಂಬ್ ಎಂಬ ಸಂಶೋಧಕಿಯರು 2018ರಲ್ಲಿ ತೋರಿಸಿದ ಪ್ರಕಾರ, ಹೀಗೆ ಬರೆದಿಟ್ಟವರ ಮನಸ್ಸು ಹಳೆಯ ಕೆಲಸಕ್ಕೆ ಅಂಟಿಕೊಳ್ಳದೆ ಹೊಸದರ ಮೇಲೆ ಚೆನ್ನಾಗಿ ಕೂರುತ್ತದೆ. ಸಂಜೆ ಮನೆಗೆ ಹೊರಡುವಾಗಲೂ ಇದನ್ನೇ ಮಾಡಬಹುದು.

ಕಳಿಸುವ ಮೊದಲು ಇನ್ನೊಮ್ಮೆ ನೋಡುವುದರ ಬಗ್ಗೆಯೂ ಸ್ವಲ್ಪ ಹೇಳಬೇಕು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಎಂಟು ನಗರಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಸರ್ಜರಿ ಚೆಕ್‌ಲಿಸ್ಟ್ ಬಳಸಿದಾಗ ಸಾವು ಶೇ 1.5ರಿಂದ 0.8ಕ್ಕೆ ಇಳಿದಿತ್ತು. ನುರಿತ ಸರ್ಜನ್‌ಗಳಿಗೂ ಪಟ್ಟಿ ಬೇಕು ಎಂದು ಎಲ್ಲರೂ ಈ ಕಥೆ ಹೇಳುತ್ತಾರೆ. ಮುಂದಿನ ಕಥೆ ಹೇಳುವವರು ಕಡಿಮೆ. ಕೆನಡಾದ ಒಂಟಾರಿಯೊದಲ್ಲಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ಇಂಥ ಪಟ್ಟಿ ಬಂದಾಗ ಸಾವಿನಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ ಎಂದು 2014ರಲ್ಲಿ ವರದಿಯಾಯಿತು. ಯಾಕೆ ಎಂಬ ಬಗ್ಗೆ ತಜ್ಞರಲ್ಲಿ ವಾದ ಇದೆ. ಮೇಲಿನಿಂದ ಬಂದ ಪಟ್ಟಿಗೆ ಟಿಕ್ ಹಾಕುವುದು ಬೇರೆ, ಓದುವುದು ಬೇರೆ ಎಂದು ನನಗನ್ನಿಸುತ್ತದೆ. ಅದಕ್ಕೇ ಸಿದ್ಧ ಪಟ್ಟಿ ಡೌನ್‌ಲೋಡ್ ಮಾಡಬೇಡಿ. ನೀವು ಪದೇ ಪದೇ ಮಾಡುವ ತಪ್ಪು ಮೂರೋ ನಾಲ್ಕೋ ಇರುತ್ತವೆ. ಫೈಲ್ ಲಗತ್ತಿಸಲು ಮರೆಯುವುದು, ಹೆಸರಿನ ಕಾಗುಣಿತ, ಒಟ್ಟು ಮೊತ್ತ, ಹೀಗೆ. ಅವನ್ನಷ್ಟೇ ಬರೆದು ಕಣ್ಣೆದುರು ಅಂಟಿಸಿಕೊಳ್ಳಿ.

ಉಡುಪು, ಸಮಯಕ್ಕೆ ಬರುವುದು, ಮೀಟಿಂಗ್‌ನಲ್ಲಿ ಫೋನ್ ನೋಡದಿರುವುದು, ಇವೆಲ್ಲ ನಿಮಗೆ ಗೊತ್ತಿರುವಂಥವೇ. ಆ್ಯಪ್ ಯಾವುದಾದರೂ ಆದೀತು.

ಒಂದು ಅನುಮಾನ ಮಾತ್ರ ಉಳಿಯುತ್ತದೆ. ನಿಮ್ಮ ತಲೆಯ ಮೇಲೆ ಇಬ್ಬರ ಕೆಲಸ ಬಿದ್ದಿದ್ದರೆ ಯಾವ ಅಭ್ಯಾಸವೂ ಅದನ್ನು ನೇರ ಮಾಡುವುದಿಲ್ಲ. ಆಗ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರ್ ಮುಂದಿಟ್ಟು, "ಇದರಲ್ಲಿ ಯಾವುದು ಮೊದಲು, ಯಾವುದು ಬಿಟ್ಟರೆ ನಡೆಯುತ್ತೆ?" ಎಂದು ಕೇಳಿ. ಅದನ್ನು ಹೇಳುವುದು ಅವರ ಕೆಲಸ.

ಅದೇ ಹೊತ್ತಿಗೆ ಅಪ್ರೈಸಲ್‌ನಲ್ಲಿ ಕೇಳದೆ ಬಂದ ಪ್ರಶ್ನೆಯನ್ನೂ ಕೇಳಿಬಿಡಿ. "ಪ್ರೊಫೆಷನಲ್ ಅಂದರೇನು?" ಎಂದು ಕೇಳಿದರೆ ಭಾಷಣ ಸಿಗುತ್ತದೆ. "ನಿಮಗೆ ಹಾಗನ್ನಿಸಿದ ಒಂದು ಸಂದರ್ಭ ಹೇಳ್ತೀರಾ? ಅಲ್ಲಿ ನಾನು ಏನು ಮಾಡಬೇಕಿತ್ತು?" ಎಂದು ಕೇಳಿ. ಕೆಲವರು 'ಪ್ರೊಫೆಷನಲ್ ಆಗಬೇಕು' ಎಂಬ ಮಾತನ್ನು ಎದುರು ಮಾತಾಡುವವರ ಬಾಯಿ ಮುಚ್ಚಿಸಲೂ ಬಳಸುತ್ತಾರೆ. ಅಂಥವರಿಗೆ ಉದಾಹರಣೆ ಹೊಳೆಯುವುದಿಲ್ಲ. ನಿಮ್ಮ ಮ್ಯಾನೇಜರ್ ಉದಾಹರಣೆ ಕೊಟ್ಟರೆ, ಅದು ನನ್ನ ಊಹೆಗಿಂತ ಬೇರೆಯಾಗಿದ್ದರೆ, ಮೇಲೆ ಬರೆದದ್ದನ್ನು ಪಕ್ಕಕ್ಕಿಟ್ಟು ಅವರು ಹೇಳಿದ್ದನ್ನು ಹಿಡಿಯಿರಿ. ನಮಗೂ ಬರೆದು ತಿಳಿಸಿ.

– ಸಂ.