ಆರನ್ ಡೊನಾಲ್ಡ್ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಅತಿಶ್ರೇಷ್ಠ ರಕ್ಷಣಾ ಆಟಗಾರರಲ್ಲಿ ಒಬ್ಬರು ಅನ್ನುವುದೇಕೆ?

ಮುಖ್ಯ ಕಾರಣ ಸ್ಯಾಕ್‌ಗಳು, ಅಂದರೆ ಎದುರಾಳಿ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುವ ಆಟಗಾರ) ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವುವುದು. ರಕ್ಷಣಾ ಸಾಲಿನ ಅಂಚಿನಿಂದ ನುಗ್ಗುವವರಿಗೆ ಅದು ತುಸು ಸುಲಭ. ಡೊನಾಲ್ಡ್ ಆಡಿದ್ದು ಸಾಲಿನ ನಡುವೆ, ಎಷ್ಟೋ ಸಲ ಇಬ್ಬರು ಸೇರಿ ಅಡ್ಡಗಟ್ಟುವ ಜಾಗದಲ್ಲಿ. ಆದರೂ 2018ರ ಒಂದೇ ಸೀಸನ್‌ನಲ್ಲಿ 20.5 ಸ್ಯಾಕ್ (ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ), ಇಡೀ ವೃತ್ತಿಜೀವನದಲ್ಲಿ ಒಟ್ಟು 111!

ಪಿಟ್ಸ್‌ಬರ್ಗ್‌ನ ಹುಡುಗ. ಈ ಜಾಗಕ್ಕೆ ಎತ್ತರ ಸಾಲದು ಎಂಬ ಗೊಣಗಾಟದ ನಡುವೆಯೇ 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) 13ನೆಯವರಾಗಿ ರ‍್ಯಾಮ್ಸ್ ತಂಡ ಸೇರಿದರು. ಆಡಿದ ಹತ್ತು ಸೀಸನ್‌ಗಳಲ್ಲೂ ಪ್ರೋ ಬೌಲ್‌ಗೆ (ಲೀಗ್‌ನ ತಾರಾ ಆಟಗಾರರ ಕೂಟ) ಆಯ್ಕೆ. 2017, 2018, 2020ರಲ್ಲಿ ವರ್ಷದ ರಕ್ಷಣಾ ಆಟಗಾರ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು 2022ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ಕೊನೆಯ ನಿಮಿಷ, ನಾಲ್ಕನೇ ಡೌನ್, ಅಂದರೆ ಚೆಂಡನ್ನು ಮುಂದೊಯ್ಯಲು ದಾಳಿ ತಂಡಕ್ಕೆ ಉಳಿದ ಕೊನೆಯ ಯತ್ನ. ಎದುರಾಳಿ ಬೆಂಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜೋ ಬರೋ ಅವರನ್ನು ಹಿಡಿದು ತಿರುಗಿಸಿ ಎಸೆತವನ್ನೇ ಕೆಡಿಸಿದರು. ರ‍್ಯಾಮ್ಸ್ 23-20ರಿಂದ ಗೆದ್ದಿತು. 2024ರ ಮಾರ್ಚ್‌ನಲ್ಲಿ, 32ರ ವಯಸ್ಸಿಗೇ ನಿವೃತ್ತಿ.